ಮೂರನೇ ಮನೆ

ಕಚೇರಿಯಿಂದ ಪರವಾನಗಿ ಬರಲು ಹನ್ನೊಂದು ತಿಂಗಳು ಹಿಡಿಯಿತು,
ಮೂರು ಮೊಹರು, ಅದರಲ್ಲೊಂದು ತಲೆಕೆಳಗು.
ಕ್ಲಬ್ಬಿನ ಖಾಲಿ ತೋಟಾಗಳನ್ನು ಇನ್ನು
ಕೆಳಗೋಟೆಯ ನಮ್ಮನೆ ಹಿಂದಿನ ಕೋಣೆಯಲ್ಲೇ ತುಂಬಬಹುದು.
ಯಂತ್ರ ನೀವೇ ಆರಿಸಿ ಓಬಳೇಶಪ್ಪೋರೆ, ಅಂದರು ಕಾರ್ಯದರ್ಶಿ.
ಎರಡು ಕ್ಯಾಟಲಾಗು ಇಟ್ಟು
ಚಹಾ ಆರುವ ಮೊದಲೇ ಎದ್ದು ಹೋದರು.

ಮೊದಲನೆಯದು ಹಳೇ ನಂಟು.
ಮೀಸಲು ಪಡೆಯ ಆಯುಧಾಗಾರದಲ್ಲಿ ಇದರ ಅಣ್ಣನ ಎದುರು
ಇಪ್ಪತ್ತೆಂಟು ವರ್ಷ ಕೂತವನು ನಾನು.
ಒಂದು ಹಿಡಿಕೆ, ಒಂದು ಕೆಲಸ.
ಐವತ್ತಕ್ಕೂ ಸುಟ್ಟ ಕೇಪು ಕಳಚಿ, ಆಮೇಲೆ
ಐವತ್ತಕ್ಕೂ ಹೊಸದು ಕೂರಿಸಿ, ಆಮೇಲೆ
ಮದ್ದು, ಆಮೇಲೆ ಗುಂಡು, ಆಮೇಲೆ
ಊಟದ ಗಂಟೆ.

ಎರಡನೆಯದು ತಿರುಗುವ ತಟ್ಟೆ, ಐದು ಮನೆ.
ಒಮ್ಮೆ ಹಿಡಿಕೆ ಎಳೆದರೆ ಐದೂ ಮನೆಯಲ್ಲಿ ಒಲೆ ಹೊತ್ತಿದ ಹಾಗೆ:
ಇಲ್ಲಿ ಕೇಪು ಉದುರುತ್ತೆ, ಪಕ್ಕದಲ್ಲಿ ಕೂರುತ್ತೆ,
ಮೂರರಲ್ಲಿ ಮದ್ದು, ನಾಲ್ಕರಲ್ಲಿ ಗುಂಡು,
ಐದರಲ್ಲಿ ಬಾಯಿ ಬಿಗಿದು
ಟಣ್ಣಂತ ಡಬ್ಬಿಗೆ.
ಗಂಟೆಗೆ ನಾನೂರು, ಅನ್ನುತ್ತೆ ಕ್ಯಾಟಲಾಗು.
ನನ್ನದು ಐವತ್ತು,
ಅದೂ ಮೊಣಕೈ ಒಪ್ಪಿದ ದಿನ.

ಬೆಳಿಗ್ಗೆ ಕೋಟೆ ಹತ್ತಿದೆ,
ಇದನ್ನು ಯೋಚಿಸಲಿಕ್ಕಲ್ಲ, ಸಕ್ಕರೆ ಕಾಯಿಲೆಗೆ.
ಮದ್ದು ಬೀಸುವ ಕಲ್ಲುಗಳ ಗುಂಡಿಯ ಅಂಚಲ್ಲಿ ಕೂತು ಬೆವರೊರೆಸಿದೆ.
ಜೋಗಿಮಟ್ಟಿ ಕಡೆ ಗಾಳಿಯಂತ್ರಗಳು
ಯಾರೂ ಹೇಳದೆ ತಿರುಗುತ್ತಿದ್ದವು.
ಎಲ್ಲಾ ಕಲ್ಲೂ ಒಟ್ಟಿಗೇ ತಿರುಗ್ತಿದ್ವು ಸಾರ್, ಅಂದ ಗೈಡು ಹುಡುಗ.
ಒಂದು ಮುನಿಸಿಕೊಂಡರೆ? ಅಂದೆ.
ಹುಡುಗ ನನ್ನ ಮುಖ ನೋಡಿ
ಹುಬ್ಬಳ್ಳಿಯಿಂದ ಬಂದ ಗುಂಪಿನ ಕಡೆ ನಡೆದ.

ನನಗೆ ವೇಗದ ಭಯ ಅಂತ ಕಾರ್ಯದರ್ಶಿ ತಿಳಿದಿದ್ದಾರೆ.
ಅವರಿಗೆ ತಿಮ್ಮರಾಯ ಗೊತ್ತಿಲ್ಲ.
ತೊಂಬತ್ಮೂರರ ಬೇಸಿಗೆ, ಅಭ್ಯಾಸದ ಮೈದಾನ,
ಅವನ ಬಂದೂಕು ಹೊಡೆಯಲಿಲ್ಲ, ಕೆಮ್ಮಿತು.
ಮದ್ದಿಲ್ಲದ ತೋಟಾ, ಗುಂಡು ನಳಿಕೆಯ ನಡುವೆ ನಿಂತಿತ್ತು.
ಅವನು ಇನ್ನೊಂದು ಹೊಡೆದ.

ಹೋದದ್ದು ಎರಡು ಬೆರಳು. ಕಣ್ಣು ಉಳಿಯಿತು.
ತನಿಖೆಯಲ್ಲಿ ಬರೆದದ್ದು, ಹಳೆಯ ಬಂದೂಕು.
ಆ ತೋಟಾ ತುಂಬಿದ್ದು ನಾನು.
ಆಗಿದ್ದದ್ದು ನಿಧಾನದ ಯಂತ್ರವೇ, ಒಂದು ಹಿಡಿಕೆ, ಒಂದು ಕೆಲಸ.
ಅವತ್ತು ಪಕ್ಕದವನ ಹತ್ತಿರ ಮಾತಾಡುತ್ತಿದ್ದೆ,
ಮಗಳಿಗೆ ಏನು ಹೆಸರಿಡೋದು ಅಂತ.
ತೊಟ್ಟಿಲಿಗೆ ತಿಮ್ಮರಾಯನೂ ಬಂದಿದ್ದ,
ಬ್ಯಾಂಡೇಜಿನ ಕೈಯಲ್ಲೇ
ಬೆಳ್ಳಿಯ ಕಾಲ್ಗಡಗ ಹಿಡಿದು.

ರಾತ್ರಿ ಕೆಂಚಮ್ಮ ಮುದ್ದೆ ಕಟ್ಟುತ್ತಾ ಕೇಳಿದಳು,
ಯಾವುದಂತೆ?
ಹೇಳಲು ಬಾಯಿ ತೆರೆದೆ.
ತಡಿ, ಸಾರಿಗೆ ಉಪ್ಪು ಹಾಕ್ತಿದೀನಿ, ಅಂದಳು.
ಹಾಕಿದಳು, ಡಬ್ಬಿ ಮುಚ್ಚಿದಳು, ಮುಚ್ಚಳ ಒತ್ತಿದಳು.
ಹ್ಞೂ, ಈಗ ಹೇಳು.

ಕ್ಲಬ್ಬಿನಲ್ಲಿ ಮೂವತ್ತಾರು ಮಕ್ಕಳು.
ಐಮಂಗಲದ ಒಬ್ಬಳು, ಬುಡೇನ್ ಸಾಬರ ಮೊಮ್ಮಗಳು ಶಾಹೀನ,
ದಿನಕ್ಕೆ ಎಂಬತ್ತು ಕೇಳುತ್ತಾಳೆ, ಎಂಬತ್ತೂ ಕಪ್ಪಿನೊಳಗೆ ಇಡುತ್ತಾಳೆ.
ಅವಳಿಗೆ ಹದಿನೈದು ಕೊಟ್ಟು ಸಾಕು ಅನ್ನಲಿಕ್ಕೆ
ನನ್ನ ಮೊಣಕೈ ಯಾರು?

ಹಾಗಾಗಿ ಬರೆದೆ, ಕಾರ್ಯದರ್ಶಿಗಳಿಗೆ:
ಐದು ಮನೆಯದೇ ಇರಲಿ, ಒಂದು.
ಮೂರನೇ ಮನೆಯ ಮೇಲೆ ಬಾಗುವ ಕತ್ತಿನ ಬಲ್ಬು, ಒಂದು,
ಪ್ರತಿ ಚಿಪ್ಪಿನ ಬಾಯೊಳಗೆ
ಮದ್ದು ಎಲ್ಲಿಯವರೆಗೆ ನಿಂತಿದೆ ಎಂದು ಕಾಣುವಂತೆ.
ಸ್ಟೂಲು ಒಂದು, ಬೆನ್ನಿಲ್ಲದ್ದು.
ಒಳಗಿನಿಂದ ಹಾಕಿಕೊಳ್ಳುವ ಚಿಲಕ.

ಗಂಟೆಗೆ ನಾನೂರು ಆಗಲಿಕ್ಕಿಲ್ಲ.
ಇನ್ನೂರಾದೀತು.
ಮಗಳು ಫೋನು ಮಾಡಿದರೆ
ಅಪ್ಪ ಒಳಗಿದಾರೆ, ಆಮೇಲೆ ಮಾತಾಡ್ತಾರಂತೆ
ಅನ್ನಲು ಕೆಂಚಮ್ಮನಿಗೆ ಹೇಳಿದ್ದೇನೆ.
ಯಾಕೆ ಅಂತ ಮಗಳಿಗೆ ಇವತ್ತಿಗೂ ಹೇಳಿಲ್ಲ.